ಅಪ್ಪನ ಹೆಸರು ಹೇಳಿದರು, ಅಷ್ಟಕ್ಕೇ ಅವರು ದೇವರ ಪ್ರವಾದಿಯೇ?

ಓದುಗರ ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಮೂರು ತಲೆಮಾರಿನಿಂದ ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಚರ್ಚಿನ, ಅಂದರೆ ಸಿಎಸ್‌ಐ ಸಭೆಯವರು. ಅಪ್ಪ ತೀರಿಕೊಂಡ ಮೇಲೆ ಅಮ್ಮ (61 ವರ್ಷ) ಪಕ್ಕದ ಬಡಾವಣೆಯ ಒಂದು ಪ್ರಾರ್ಥನಾ ಮಂದಿರಕ್ಕೆ ಹೋಗತೊಡಗಿದರು. ಮೊದಲ ದಿನವೇ ಅಲ್ಲಿನ ಪಾಸ್ಟರ್ ಅಷ್ಟು ಜನರ ನಡುವೆ ಅಮ್ಮನನ್ನು ಎಬ್ಬಿಸಿ ಅಪ್ಪನ ಹೆಸರು, ಅವರಿಗಿದ್ದ ಕಾಯಿಲೆ, ಅಮ್ಮನ ಮಂಡಿನೋವು ಎಲ್ಲ ಹೇಳಿದರಂತೆ. ಅಲ್ಲಿಂದ ಅಮ್ಮನಿಗೆ ಅವರ ಮಾತೇ ವೇದವಾಕ್ಯ. ‘ಬೀಜ ಕಾಣಿಕೆ’ ಎಂದು ಎರಡು ಬಂಗಾರದ ಬಳೆ ಕೊಟ್ಟಿದ್ದಾರೆ, ಪೆನ್ಶನ್ನಿನಲ್ಲಿ ದಶಮಾಂಶ (ಹತ್ತರಲ್ಲೊಂದು ಪಾಲು) ಬೇರೆ. ಈಗ ಬಿಪಿ, ಶುಗರ್ ಮಾತ್ರೆ ನಿಲ್ಲಿಸಿ ಮೂರು ವಾರ. ಡಾಕ್ಟರ್ ಹತ್ತಿರ ಹೋಗುವುದೇ ಅವಿಶ್ವಾಸ ಅನ್ನುತ್ತಾರೆ. ಬಳೆಯ ಲೆಕ್ಕ ಕೇಳಲು ಹೋದರೆ ‘ಕರ್ತನ ಅಭಿಷಿಕ್ತರನ್ನು (ದೇವರು ಆರಿಸಿ ನೇಮಿಸಿದವರನ್ನು) ಮುಟ್ಟಬೇಡ’ ಎಂದರು. ಮುಂದಿನ ಭಾನುವಾರ, ನನ್ನಲ್ಲಿ ಈಜೆಬೆಲಳ ಆತ್ಮ ಇದೆ ಎಂದು ಸಭೆಯಲ್ಲೇ ಹೇಳಿದರಂತೆ. ನನಗೆ ಸಿಟ್ಟೂ ಇದೆ, ಹೆದರಿಕೆಯೂ ಇದೆ. ಅವರು ಹೇಳಿದ್ದು ನಿಜವೇ ಇತ್ತಲ್ಲ. ಅನುಮಾನಪಟ್ಟು ನಾನೇ ಪವಿತ್ರಾತ್ಮನಿಗೆ ವಿರೋಧವಾಗಿ ಪಾಪ ಮಾಡುತ್ತಿದ್ದೇನೆಯೇ? ಅವರು ಸುಳ್ಳುಪ್ರವಾದಿಯೇ? ಅಮ್ಮನನ್ನು ಬಿಡಿಸುವುದು ಹೇಗೆ?

ಉತ್ತರ:

ನಿಮ್ಮ ಮೂರು ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ಮಾತ್ರೆ ಬಿಟ್ಟು ಮೂರು ವಾರ ಎಂದಿದ್ದೀರಿ, ಅದು ಕಾಯುವ ವಿಷಯವಲ್ಲ. ಕೆಲವು ಬಿಪಿ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಒತ್ತಡ ದಿಢೀರನೆ ಏರುತ್ತದೆ; ಸಕ್ಕರೆಯೋ, ಸದ್ದಿಲ್ಲದೆ ಏರುತ್ತಾ ಹೋಗುತ್ತದೆ. ಇವತ್ತೋ ನಾಳೆಯೋ ಎರಡನ್ನೂ ನೋಡಿಸಿ. ಯಾವ ಮಾತ್ರೆ, ಎಷ್ಟು ಎಂಬುದನ್ನು ಡಾಕ್ಟರೇ ಹೊಸದಾಗಿ ಹೇಳಲಿ, ಹಳೆ ಚೀಟಿ ನೋಡಿ ನೀವೇ ಶುರುಮಾಡಿಸಬೇಡಿ. ಎದೆನೋವು, ಮಾತು ತೊದಲುವುದು, ಒಂದು ಕಡೆಯ ಕೈಕಾಲಿಗೆ ಶಕ್ತಿ ಹೋಗುವುದು ಕಂಡರೆ ಯಾರನ್ನೂ ಕೇಳುತ್ತ ನಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಮ್ಮನೊಡನೆ ಈ ಮಾತನ್ನು ಹೇಗೆ ಎತ್ತುವುದು? ‘ಆ ಪಾಸ್ಟರ್ ಮೋಸಗಾರ, ಮಾತ್ರೆ ನುಂಗು’ ಎಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಬೈಬಲನ್ನೇ ತೆಗೆಯಿರಿ. ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸುವಿನ ಬಳಿ ಬಂದಾಗ ಆತ ಏನು ಹೇಳುತ್ತಾನೆ? ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಎನ್ನುತ್ತಾನೆ. ಅಂದಿನ ಕಾಲಕ್ಕೆ ಚರ್ಮರೋಗ ವಾಸಿಯಾಗಿದೆಯೇ ಎಂದು ಪರೀಕ್ಷಿಸಿ ಹೇಳುವ ಅಧಿಕಾರ ಇದ್ದದ್ದು ಯಾಜಕರಿಗೆ. ಅಂದರೆ ಸ್ವಸ್ಥಪಡಿಸಿದವನೇ ಹೊರಗಿನವರ ತಪಾಸಣೆಗೆ ಕಳಿಸಿದ. ‘ಅಮ್ಮಾ, ದೇವರು ವಾಸಿಮಾಡಿದ್ದರೆ ಮೀಟರಿನಲ್ಲೂ ಕಾಣಬೇಕಲ್ಲ, ತೋರಿಸಿಕೊಂಡು ಬರೋಣ’ ಎಂದರೆ ಅದರಲ್ಲಿ ಅವಿಶ್ವಾಸವೇನೂ ಇಲ್ಲ. ಹಿಜ್ಕೀಯ ಅರಸನಿಗೆ ಇನ್ನೂ ಹದಿನೈದು ವರ್ಷ ಆಯುಸ್ಸು ಸಿಗುತ್ತದೆಂದು ಪ್ರವಾದನೆ ಹೇಳಿದ ಯೆಶಾಯನೇ, ಹುಣ್ಣಿನ ಮೇಲೆ ಅಂಜೂರದ ಉಂಡೆ ಇಡಿ ಎಂದೂ ಹೇಳಿದ. ಪೌಲ ತಿಮೊಥೆಯನ ಹೊಟ್ಟೆಬಾಧೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದ, ತ್ರೊಫಿಮ ಕಾಯಿಲೆ ಬಿದ್ದಾಗ ಅವನನ್ನು ಮಿಲೇತದಲ್ಲೇ ಬಿಟ್ಟು ಬಂದ. ಅಪೊಸ್ತಲನ ಜೊತೆಗಾರನೇ ಕಾಯಿಲೆ ಬಿದ್ದದ್ದು ಅವನ ವಿಶ್ವಾಸದ ಕೊರತೆಯಿಂದ ಎಂದು ಪೌಲ ಎಲ್ಲೂ ಬರೆಯಲಿಲ್ಲ.

ಇನ್ನು ನಿಮ್ಮ ಹೆದರಿಕೆ. ಪವಿತ್ರಾತ್ಮ ದೂಷಣೆಯ ಮಾತು ಬರುವುದು ಮಾರ್ಕ 3ರಲ್ಲಿ. ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳು, ಕಣ್ಣೆದುರೇ ಜನ ಬಿಡುಗಡೆಯಾಗುತ್ತಿದ್ದರೂ, ಇದು ದೆವ್ವಗಳ ಒಡೆಯನ ಕೆಲಸ ಎಂದು ಯೇಸುವಿನ ಮೇಲೆ ಹೊರಿಸಿದರು. ಎರಡು ಬಳೆ ಎಲ್ಲಿ ಹೋದವು ಎಂದು ಕೇಳುವುದಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಪ್ರವಾದನೆಗಳನ್ನು ತಾತ್ಸಾರ ಮಾಡಬೇಡಿ ಎಂದ ಪೌಲ ಅದೇ ಉಸಿರಿನಲ್ಲಿ ಎಲ್ಲವನ್ನೂ ಪರಿಶೋಧಿಸಿ ಎಂದೂ ಥೆಸಲೋನಿಕದವರಿಗೆ ಬರೆದಿದ್ದಾನೆ. ಬೆರೋಯ ಎಂಬ ಊರಿನವರು ಪೌಲನ ಬೋಧನೆಯನ್ನೇ ದಿನಾಲೂ ಶಾಸ್ತ್ರದೊಡನೆ ತಾಳೆ ನೋಡಿದರು. ಅಪೊಸ್ತಲರ ಕೃತ್ಯಗಳಲ್ಲಿ ಅವರಿಗೆ ಸಿಕ್ಕಿದ್ದು ಬೈಗುಳವಲ್ಲ, ಹೊಗಳಿಕೆ.

‘ಹೇಳಿದ್ದು ನಿಜವಾಗಿತ್ತಲ್ಲ’ ಎಂಬ ಮಾತು ನಿಮ್ಮನ್ನು ಹೆಚ್ಚು ಕಟ್ಟಿಹಾಕಿದೆ ಎನಿಸುತ್ತದೆ. ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ನರ್ಸುಗಳು ಕೂಡ ಇಲ್ಲೇ ಸಿಕ್ಕಿಬೀಳುವುದನ್ನು ಸಭಾಪಾಲನೆಯ ವರ್ಷಗಳಲ್ಲೂ, ಈಗ ಪಾಠ ಹೇಳುವಾಗಲೂ ನೋಡುತ್ತಿದ್ದೇನೆ. ಧರ್ಮೋಪದೇಶಕಾಂಡದ 13ನೇ ಅಧ್ಯಾಯ ಈ ಗಂಟನ್ನು ಆಗಲೇ ಬಿಡಿಸಿದೆ. ಒಬ್ಬ ಪ್ರವಾದಿ ಸೂಚಕಕಾರ್ಯವನ್ನು ಮುಂದಾಗಿ ಹೇಳಿ, ಅದು ಹೇಳಿದಂತೆಯೇ ನಡೆದರೂ ಅವನು ನಿಮ್ಮನ್ನು ಬೇರೆಡೆಗೆ ಎಳೆಯುತ್ತಿದ್ದರೆ ಅವನಿಗೆ ಕಿವಿಗೊಡಬೇಡಿ ಎಂದಿದೆ. ಹೇಳಿದ್ದು ನಡೆಯದೇ ಹೋದರೆ ಅವನು ದೇವರ ಹೆಸರಿನಲ್ಲಿ ಮಾತಾಡಿಲ್ಲ ಎಂದು 18ನೇ ಅಧ್ಯಾಯ ಹೇಳುತ್ತದೆ, ಸರಿ. ಆದರೆ ನಡೆದ ಮಾತ್ರಕ್ಕೆ ಅವನು ದೇವರವನು ಎಂದು ಎಲ್ಲೂ ಇಲ್ಲ. ಆ ವಿಷಯ ಅವರಿಗೆ ಹೇಗೆ ಗೊತ್ತಾಯಿತು ಎಂಬ ಬೆರಗಿನಲ್ಲೇ ಜನ ನಿಂತುಬಿಡುತ್ತಾರೆ. ಅದನ್ನಿಟ್ಟುಕೊಂಡು ಆಮೇಲೆ ಏನು ಕೇಳಿದರು ಎಂಬುದನ್ನು ನೋಡಬೇಕು. ನಿಮ್ಮ ಅಮ್ಮನ ವಿಷಯದಲ್ಲಿ ಅಪ್ಪನ ಹೆಸರಿನ ಹಿಂದೆಯೇ ಬಳೆ ಬಂತು.

ಹೇಗೆ ಗೊತ್ತಾಯಿತು ಎಂಬುದಕ್ಕೆ ಸಾದಾ ದಾರಿಗಳೂ ಇವೆ. 1986ರಲ್ಲಿ ಅಮೆರಿಕದ ಪೀಟರ್ ಪೊಪಾಫ್ ಎಂಬ ಸ್ವಸ್ಥತಾ ಬೋಧಕರ ಕೂಟಗಳಲ್ಲಿ ಜಾದೂಗಾರ ಜೇಮ್ಸ್ ರ್‍ಯಾಂಡಿಯ ತಂಡ ರೇಡಿಯೋ ಸ್ಕ್ಯಾನರ್ ಹಿಡಿದು ಕುಳಿತಿತು. ಜನ ಮೊದಲೇ ಬರೆದುಕೊಟ್ಟ ಪ್ರಾರ್ಥನಾ ಚೀಟಿಗಳಲ್ಲಿದ್ದ ಹೆಸರು, ಕಾಯಿಲೆಗಳನ್ನು ಪೊಪಾಫರ ಹೆಂಡತಿ ತೆರೆಮರೆಯಿಂದ ಓದಿ ಹೇಳುತ್ತಿದ್ದರು, ಪೊಪಾಫರ ಕಿವಿಯಲ್ಲಿ ಪುಟ್ಟ ರಿಸೀವರ್ ಇತ್ತು. ಆ ಧ್ವನಿಮುದ್ರಣ ಟಿವಿಯಲ್ಲೇ ಬಿತ್ತರವಾಯಿತು, ಮರುವರ್ಷ ಪೊಪಾಫ್ ದಿವಾಳಿ ಅರ್ಜಿ ಹಾಕಿದರು. ನಮ್ಮ ಊರುಗಳಲ್ಲಿ ರೇಡಿಯೋ ಕೂಡ ಬೇಕಿಲ್ಲ. ಬಾಗಿಲಲ್ಲಿ ನಗುನಗುತ್ತ ಬರಮಾಡಿಕೊಳ್ಳುವ ಅಕ್ಕ, ಚಪ್ಪಲಿ ಬಿಡುವಾಗ ಕೇಳುವ ಕುಶಲ, ‘ಪ್ರಾರ್ಥನಾ ವಿನಂತಿ’ ಚೀಟಿ, ವಾಟ್ಸಾಪ್ ಗುಂಪು ಇಷ್ಟು ಸಾಕು. ನಿಮ್ಮ ಪಾಸ್ಟರ್ ಹೀಗೇ ಮಾಡಿದ್ದಾರೆ ಎಂದು ನಾನು ಹೇಳಲಾರೆ, ನೋಡಿದವನಲ್ಲ. ಆದರೆ ಆ ಮೊದಲ ದಿನ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು? ಅಪ್ಪನ ಸಾವು ಅವರಿಗೆ ಗೊತ್ತಿತ್ತೇ? ಅಮ್ಮನನ್ನು ಜಾಣತನದಿಂದ ಇಷ್ಟು ಕೇಳಿ ನೋಡಿ, ವಾದಕ್ಕೆ ಇಳಿಯಬೇಡಿ. ಉತ್ತರ ಅವರ ಮನಸ್ಸಿನಲ್ಲೇ ಕೆಲಸ ಮಾಡಲಿ.

ಬೀಜ ಕಾಣಿಕೆಯ ಬಗ್ಗೆ. ಇಷ್ಟು ಬಿತ್ತಿದರೆ ನೂರ್ಮಡಿ ಕೊಯ್ಯುತ್ತೀರಿ ಎಂಬ ಈ ಬೋಧನೆ ಅಪೊಸ್ತಲರ ಕಾಲದ್ದಲ್ಲ, ಕಳೆದ ಶತಮಾನದ ಅಮೆರಿಕದ್ದು. ಓರಲ್ ರಾಬರ್ಟ್ಸ್ ಎಂಬ ಅಲ್ಲಿನ ಟಿವಿ ಬೋಧಕರು ಇದನ್ನು ಮನೆಮಾತು ಮಾಡಿದರು. 1987ರಲ್ಲಿ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತನ್ನನ್ನು ಕರೆದುಕೊಂಡುಬಿಡುತ್ತಾನೆ ಎಂದು ಟಿವಿಯಲ್ಲಿ ಹೇಳಿದವರೂ ಅವರೇ. 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಮೈದಾನದಲ್ಲಿ ಸ್ವಸ್ಥತಾ ಬೋಧಕ ಬೆನ್ನಿ ಹಿನ್ ಕೂಟ ನಡೆದದ್ದು, ಅದರ ಸುತ್ತ ಪ್ರತಿಭಟನೆಗಳಾದದ್ದು ಅನೇಕರಿಗೆ ನೆನಪಿರಬಹುದು. ಅದೇ ಬೆನ್ನಿ ಹಿನ್ 2019ರಲ್ಲಿ, ಸಾವಿರ ಡಾಲರ್ ಬೀಜ ಹಾಕಿ ಎಂದು ಕೇಳುವುದು, ಸುವಾರ್ತೆಗೆ ಬೆಲೆ ಕಟ್ಟುವುದು ಪವಿತ್ರಾತ್ಮನಿಗೆ ಮಾಡುವ ಅಪಚಾರ ಎಂದು ಬಹಿರಂಗವಾಗಿಯೇ ಹೇಳಿದರು. ಅಮ್ಮನಿಗೆ ಹೇಳಲು ಇದು ಒಳ್ಳೆಯ ವಿಷಯ, ಆ ವಲಯದವರ ಬಾಯಿಂದಲೇ ಬಂದದ್ದಲ್ಲವೇ. ಹಳೆಯ ಸಭೆಗಳ ಹೊಟ್ಟೆಕಿಚ್ಚು ಎನ್ನುವವರಿಗೆ ಇನ್ನೊಂದು ಮಾತು: 2008 ಮತ್ತು 2009ರಲ್ಲಿ ಘಾನಾದ ಅಕ್ರೊಪಾಂಗ್‌ನಲ್ಲಿ ಲೊಸಾನ್ ಎಂಬ ಜಾಗತಿಕ ಸುವಾರ್ತಾ ಚಳವಳಿಯ ಆಫ್ರಿಕನ್ ದೇವಶಾಸ್ತ್ರಜ್ಞರು ಸೇರಿ ಸಮೃದ್ಧಿಯ ಸುವಾರ್ತೆಯನ್ನು ಕೂಲಂಕಷವಾಗಿ ಚರ್ಚಿಸಿದರು. ಪವಾಡವನ್ನೂ ಪವಿತ್ರಾತ್ಮನ ಶಕ್ತಿಯನ್ನೂ ನಂಬುವ ಅವರೇ, ಹಣ ಕೊಟ್ಟು ಆಶೀರ್ವಾದ ಪಡೆಯುವ ಈ ಬೋಧನೆ ಬೈಬಲಿಗೆ ಹೊಂದುವುದಿಲ್ಲ ಎಂದು ಬರೆದರು.

ಈ ಬೋಧಕರು ಹೆಚ್ಚಾಗಿ ಎತ್ತುವ ಕತೆ ವಿಧವೆಯ ಎರಡು ಕಾಸು. ಮಾರ್ಕ 12ರ 41ನೇ ವಚನದಿಂದ ಓದುತ್ತಾರೆ. ನೀವು ಅಮ್ಮನ ಪಕ್ಕ ಕೂತು 38ನೇ ವಚನದಿಂದ ಓದಿ. ಉದ್ದ ನಿಲುವಂಗಿ ತೊಟ್ಟು ತಿರುಗುವವರ, ನಟನೆಗಾಗಿ ದೀರ್ಘ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆ ನುಂಗುವವರ ಬಗ್ಗೆ ಎಚ್ಚರಿಕೆ ಹೇಳಿದ ಮರುಕ್ಷಣವೇ ಯೇಸು ಆ ವಿಧವೆಯನ್ನು ತೋರಿಸುತ್ತಾನೆ. ಅವಳ ಬದುಕಿಗಿದ್ದದ್ದೆಲ್ಲ ಪೆಟ್ಟಿಗೆಗೆ ಬಿತ್ತು. ನಂತರದ ಅಧ್ಯಾಯ ಶುರುವಾಗುವುದೇ ಆ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯದು ಎಂಬ ಮಾತಿನಿಂದ. ಅವಳ ಭಕ್ತಿಯನ್ನು ಯೇಸು ಮೆಚ್ಚಿದ, ನಿಜ. ಅವಳ ಕಾಸು ತಿಂದ ವ್ಯವಸ್ಥೆಯನ್ನೂ ಮೆಚ್ಚಿದ ಎಂದು ಓದುವುದಾದರೆ ಮೂರು ವಚನ ಮೇಲಿನದನ್ನು ಹರಿದು ಹಾಕಬೇಕಾಗುತ್ತದೆ. ದಶಮಾಂಶವೂ ಹಾಗೆಯೇ. ಮೂರು ವರ್ಷಕ್ಕೊಮ್ಮೆ ಅದು ದೇವಾಲಯದ ಸೇವಕರಾದ ಲೇವಿಯರ ಜೊತೆ ಪರದೇಶಿ, ತಬ್ಬಲಿ, ವಿಧವೆಯರ ಊಟಕ್ಕೆ ಹೋಗಬೇಕು ಎಂದು ಧರ್ಮೋಪದೇಶಕಾಂಡ 14 ಹೇಳುತ್ತದೆ. ವಿಧವೆಯ ಪೆನ್ಶನ್ನಿನಿಂದ ಕೀಳುವ ದಶಮಾಂಶಕ್ಕೆ, ದಶಮಾಂಶ ತನ್ನಿ ಎಂದ ಪ್ರವಾದಿ ಮಲಾಕಿಯನನ್ನು ಸಾಕ್ಷಿ ಕರೆಯುವವರು ಈ ಅಧ್ಯಾಯದ ಹತ್ತಿರ ಹೋಗುವುದನ್ನು ನಾನು ಕಂಡಿಲ್ಲ.

ಹಣದ ವಿಷಯದಲ್ಲಿ ಆದಿಸಭೆ ನಮಗಿಂತ ಖಡಕ್ ಆಗಿತ್ತು. ‘ಡಿಡಾಖೆ’ ಎಂಬ ಪುಟ್ಟ ಗ್ರೀಕ್ ಕೈಪಿಡಿಯೊಂದಿದೆ. 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಅದರ ಹಸ್ತಪ್ರತಿ ಸಿಕ್ಕಿತು, 1883ರಲ್ಲಿ ಅಚ್ಚಾಯಿತು. ಬಹುತೇಕ ವಿದ್ವಾಂಸರು ಅದನ್ನು ಒಂದನೆಯ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭಕ್ಕೆ ಸೇರಿಸುತ್ತಾರೆ. ಊರೂರು ಸುತ್ತುವ ಬೋಧಕ ಒಂದು ದಿನ ಉಳಿಯಲಿ, ಬೇಕಾದರೆ ಎರಡು ದಿನ. ಮೂರನೆಯ ದಿನವೂ ಉಳಿದರೆ ಸುಳ್ಳುಪ್ರವಾದಿ. ಹೊರಡುವಾಗ ದಾರಿಯ ರೊಟ್ಟಿ ತೆಗೆದುಕೊಳ್ಳಲಿ; ಹಣ ಕೇಳಿದರೆ ಸುಳ್ಳುಪ್ರವಾದಿ. ಆತ್ಮಾವೇಶದಲ್ಲಿ ಊಟ ಬಡಿಸಿ ಎಂದು ಅಪ್ಪಣೆ ಮಾಡಿ ಅದನ್ನು ತಾನೇ ಉಂಡರೆ, ಅವನೂ ಸುಳ್ಳುಪ್ರವಾದಿ. (ಇದನ್ನು ಓದಿದಾಗಲೆಲ್ಲ ತರಗತಿಯಲ್ಲಿ ನಗು ಏಳುತ್ತದೆ, ಯಾರದೋ ಮನೆಯಲ್ಲಿ ಹಾಗೆ ನಡೆದೇ ಇದ್ದಿರಬೇಕು.) ಆದರೆ ಬೇರೆ ಬಡವರಿಗಾಗಿ ಕೇಳಿದರೆ ಅವನನ್ನು ತೀರ್ಪುಮಾಡಬೇಡಿ ಎಂದೂ ಅದರಲ್ಲಿದೆ. ಕಾಣಿಕೆ ಕೇಳುವುದೇ ತಪ್ಪೆಂದು ಅವರು ಹೇಳಲಿಲ್ಲ, ಯಾರ ಕೈಗೆ ಹೋಗುತ್ತದೆ ಎಂದು ನೋಡಿದರು. ಪೌಲ ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ತಾನೊಬ್ಬನೇ ಹಿಡಿದುಕೊಳ್ಳದೆ, ಸಭೆಗಳು ಆರಿಸಿದ ಸಹೋದರನನ್ನೂ ಜೊತೆಗಿಟ್ಟುಕೊಂಡ. ಯಾರೂ ಬೆರಳು ತೋರಿಸಬಾರದೆಂದೇ ಹೀಗೆ ಮಾಡಿದೆ ಎಂದು ಕೊರಿಂಥದವರಿಗೆ ಬರೆದ. ಅಪೊಸ್ತಲನೇ ಲೆಕ್ಕಕ್ಕೆ ಸಾಕ್ಷಿಗಳನ್ನು ಇಟ್ಟುಕೊಂಡಿದ್ದ ಮೇಲೆ, ಎರಡು ಬಳೆಗೆ ರಸೀದಿ ಕೇಳಿದ್ದರಲ್ಲಿ ನಿಮ್ಮ ತಪ್ಪೇನು?

ಉತ್ತರವಾಗಿ ಅವರು ಕೊಟ್ಟದ್ದು ‘ಅಭಿಷಿಕ್ತರನ್ನು ಮುಟ್ಟಬೇಡ’. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಬಳೆಗಿಂತ, ಹೆಸರು ಹೇಳಿದ್ದಕ್ಕಿಂತ ದೊಡ್ಡ ಸುಳಿವು ಇದೇ. ಕೀರ್ತನೆ 105ರ ಆ ಮಾತು ಅಬ್ರಹಾಮ, ಇಸಾಕ, ಯಾಕೋಬರು ಪರದೇಶಿಗಳಾಗಿ ಅಲೆಯುತ್ತಿದ್ದಾಗ ದೇವರು ಅರಸರಿಗೆ ಹೇಳಿದ್ದು. ಬಲವುಳ್ಳವರಿಂದ ದಿಕ್ಕಿಲ್ಲದವರನ್ನು ಕಾಯುವ ಮಾತು ಅದು. ಈಗ ಮೈಕ್ ಹಿಡಿದವರು ಅದನ್ನು ವಿಧವೆಯ ಮಗಳ ಮೇಲೆ ತಿರುಗಿಸಿದ್ದಾರೆ. ದಾವೀದ ತನ್ನನ್ನು ಬೆನ್ನಟ್ಟಿದ ಅಭಿಷಿಕ್ತ ಅರಸ ಸೌಲನ ಮೇಲೆ ಕೈ ಎತ್ತಲಿಲ್ಲ, ನಿಜ, ಕೊಲ್ಲಲಿಲ್ಲ ಅಷ್ಟೆ. ಸೌಲನ ನಿಲುವಂಗಿಯ ತುಂಡು ಕೈಯಲ್ಲಿ ಹಿಡಿದು, ನೀನು ಮಾಡುತ್ತಿರುವುದು ಅನ್ಯಾಯ ಎಂದು ಎಲ್ಲರೆದುರು ಕೂಗಿ ಹೇಳಿದ. ಆಮೇಲೆ ಅಭಿಷಿಕ್ತ ಅರಸನಾದ ದಾವೀದ ತಪ್ಪು ಮಾಡಿದಾಗ ಅವನ ಎದುರು ಪ್ರವಾದಿ ನಾತಾನ ನಿಂತ. ಪೇತ್ರ ತಪ್ಪು ಮಾಡಿದಾಗ ಪೌಲ ಮುಖಕ್ಕೆ ಮುಖ ಕೊಟ್ಟು ಖಂಡಿಸಿದ. ಸಭೆಯ ಹಿರಿಯರ ಮೇಲೆ ದೂರು ಬಂದರೆ ಎರಡು ಮೂರು ಸಾಕ್ಷಿ ಬೇಕು ಎಂದು ತಿಮೊಥೆಯನಿಗೆ ಬರೆದ ಪತ್ರದಲ್ಲಿದೆ, ಅಂದರೆ ದೂರು ಕೊಡಬಹುದು. ಈಜೆಬೆಲಳ ವಿಷಯವಂತೂ ವಿಚಿತ್ರ. ಅರಸುಗಳ ಗ್ರಂಥದ ಈಜೆಬೆಲ್ ನಾಬೋತನ ದ್ರಾಕ್ಷಿತೋಟ ಕಬಳಿಸಲು ಸುಳ್ಳುಸಾಕ್ಷಿ ಹೇಳಿಸಿದವಳು; ಪ್ರಕಟನೆ 2ರಲ್ಲಿ ಆ ಹೆಸರಿನವಳು ತಾನೇ ಪ್ರವಾದಿನಿ ಎಂದು ಹೇಳಿಕೊಂಡು ಸಭೆಯನ್ನು ದಾರಿತಪ್ಪಿಸಿದವಳು. ಆಸ್ತಿ ಕಬಳಿಸುವವರಿಗೋ ತಾವೇ ಪ್ರವಾದಿ ಎನ್ನುವವರಿಗೋ ಒಪ್ಪುವ ಹೆಸರನ್ನು ಲೆಕ್ಕ ಕೇಳಿದವಳಿಗೆ ಅಂಟಿಸಿದ್ದಾರೆ.

ಹಾಗಾದರೆ ಅವರು ಸುಳ್ಳುಪ್ರವಾದಿಯೇ? ಒಂದೇ ಪತ್ರ ಓದಿ ನಾನು ಹಣೆಪಟ್ಟಿ ಬರೆಯುವುದಿಲ್ಲ. ತಿಳಿದೂ ಮೋಸ ಮಾಡುವವರಿದ್ದಾರೆ, ತಮ್ಮ ಕಲ್ಪನೆಯನ್ನೇ ದೇವರ ಧ್ವನಿ ಎಂದು ಪ್ರಾಮಾಣಿಕವಾಗಿ ನಂಬಿದವರೂ ಇದ್ದಾರೆ. ಮಾತ್ರೆ ಬಿಟ್ಟವರ ಪಾಲಿಗೆ ಎರಡೂ ಒಂದೇ. ಬಾಡಿಗೆ ಶೆಡ್ಡಿನಲ್ಲಿ ಸಭೆ ನಡೆಸುತ್ತ, ಕಾಯಿಲೆಯವರನ್ನು ತಾವೇ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಸಣ್ಣ ಸಭೆಗಳ ಪಾಸ್ಟರುಗಳೂ ನನಗೆ ಗೊತ್ತು, ಅವರನ್ನೂ ಇದೇ ಸಾಲಿಗೆ ಸೇರಿಸುವುದು ಅನ್ಯಾಯ. ಪಂಥ ನೋಡಬೇಡಿ. ಪ್ರಶ್ನೆ ಕೇಳಿದವರಿಗೆ ಅಲ್ಲಿ ಏನಾಗುತ್ತದೆ ಎಂದು ನೋಡಿ. ಹೇಳಿದ ಪ್ರವಾದನೆ ನಡೆಯದಿದ್ದಾಗ ತಪ್ಪು ಯಾರ ತಲೆಗೆ ಬರುತ್ತದೆ, ಹೇಳಿದವರಿಗೋ ‘ವಿಶ್ವಾಸ ಸಾಲದ’ ಕೇಳಿದವರಿಗೋ? ಅವರನ್ನು ತಿದ್ದುವ ಅಧಿಕಾರವುಳ್ಳ ಒಬ್ಬರಾದರೂ ಮೇಲಿದ್ದಾರೆಯೇ? ನೀವು ಬರೆದದ್ದನ್ನೇ ನಂಬುವುದಾದರೆ, ಅಲ್ಲಿ ಅಮ್ಮ ಕ್ಷೇಮವಾಗಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಅಮ್ಮ ಅಲ್ಲಿಗೆ ಯಾಕೆ ಹೋದರು ಎಂಬ ಕಡೆಗೂ ಸ್ವಲ್ಪ ನೋಡಬೇಕು. ಕೇಳಲು ಕಹಿ, ಆದರೂ ಹೇಳುತ್ತೇನೆ. ನಮ್ಮ ಹಳೆಯ ಸಭೆಗಳಲ್ಲಿ ಮಣ್ಣಿಗೆ ನೂರಾರು ಜನ ಬರುತ್ತಾರೆ, ನಲವತ್ತು ದಿನ ಕಳೆದ ಮೇಲೆ ಬಾಗಿಲು ತಟ್ಟುವವರಿಲ್ಲ. ಆಸ್ತಿ ವ್ಯಾಜ್ಯ, ಚುನಾವಣೆಯ ಗುಂಪುಗಾರಿಕೆ ನಮ್ಮಲ್ಲೂ ಉಂಟು. ಲೆಕ್ಕದ ವಿಷಯದಲ್ಲಿ ನಾವು ಬೇರೆಯವರಿಗೆ ಬೋಧಿಸುವಷ್ಟು ಶುದ್ಧರೇನಲ್ಲ. ಅಲ್ಲಿ ಬೆಳಗಿನ ಜಾವ ಐದಕ್ಕೆ ಫೋನಿನಲ್ಲಿ ಪ್ರಾರ್ಥನೆ, ‘ಅಮ್ಮ ಊಟ ಆಯ್ತಾ’ ಎನ್ನುವವರು, ಹೆಸರು ಹಿಡಿದು ಕರೆಯುವವರು. ಗಂಡನನ್ನು ಕಳೆದುಕೊಂಡವರಿಗೆ ಸತ್ತವರ ಹೆಸರನ್ನು ಯಾರಾದರೂ ಗಟ್ಟಿಯಾಗಿ ಹೇಳುವುದೇ ದೊಡ್ಡ ಸಮಾಧಾನ. ಅದನ್ನು ಕಿತ್ತುಕೊಂಡು ಬದಲಿಗೆ ಬರಿಯ ವಾದ ಕೊಟ್ಟರೆ ಅಮ್ಮ ಬರುವುದಿಲ್ಲ.

ಮುಂದೇನು ಮಾಡಬಹುದು? ಎದುರಾಎದುರು ಜಗಳ ಸುಲಭ, ಮತ್ತು ಬಹುಪಾಲು ಸೋಲುತ್ತದೆ. ಮನೆಯವರೇ ವಿರೋಧಿಗಳಾಗುತ್ತಾರೆ ಎಂದು ಇಂಥ ಕಡೆ ಮೊದಲೇ ಹೇಳಿಟ್ಟಿರುತ್ತಾರೆ, ನೀವು ಕೂಗಿದರೆ ಆ ‘ಪ್ರವಾದನೆ’ಯೂ ನಿಜವಾದಂತೆ. ಅಮ್ಮನ ಜೊತೆ ಅಲ್ಲಿಗೇ ಹೋಗಿ ಕೂತು ಕೇಳುವುದು ಇನ್ನೊಂದು ದಾರಿ. ಅಲ್ಲಿ ಏನು ನಡೆಯುತ್ತದೆಂದು ಕಣ್ಣಾರೆ ಕಾಣುತ್ತದೆ, ಅಮ್ಮನಿಗೂ ನೀವು ಜೊತೆಗಿದ್ದೀರಿ ಎನಿಸುತ್ತದೆ. ಆದರೆ ಸಭೆಯಲ್ಲೇ ನಿಮ್ಮ ಹೆಸರೆತ್ತಿರುವುದರಿಂದ ಒಬ್ಬರೇ ಹೋಗಬೇಡಿ, ಮನಸ್ಸು ಗಟ್ಟಿಯಿರುವ ಒಬ್ಬರನ್ನು ಕರೆದುಕೊಳ್ಳಿ. ಪೆನ್ಶನ್ ಪಾಸ್‌ಬುಕ್, ಎಟಿಎಂ ಕಾರ್ಡ್ ಕಸಿದಿಟ್ಟುಕೊಳ್ಳುವ ಆಲೋಚನೆ ಬಂದಿದ್ದರೆ ಬಿಡಿ. ಅದು ಅವರ ಹಣ, ಅವರ ಬಂಗಾರ. ಕಸಿದರೆ ನಿಮಗೂ ಆ ಮಂದಿರಕ್ಕೂ ಅಮ್ಮನ ಕಣ್ಣಿಗೆ ವ್ಯತ್ಯಾಸ ಕಾಣದು. ಮನೆಪತ್ರ, ಠೇವಣಿಯಂಥ ದೊಡ್ಡ ವಿಷಯಕ್ಕೆ ಮಾತ್ರ, ಮಕ್ಕಳಿಗೆ ತಿಳಿಸದೆ ಸಹಿ ಹಾಕುವುದಿಲ್ಲ ಎಂಬ ಒಪ್ಪಂದವನ್ನು ಪ್ರೀತಿಯಿಂದಲೇ ಕೇಳಬಹುದು.

ಪೊಲೀಸ್ ದೂರಿನ ದಾರಿಯೂ ಇದೆ. ತಾನಾಗಿ ಕೊಟ್ಟ ಕಾಣಿಕೆಯನ್ನು ವಂಚನೆ ಎಂದು ಸಾಬೀತುಮಾಡುವುದು ಕಷ್ಟ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ವಾಸಿಮಾಡುತ್ತೇವೆಂದು ಪೋಸ್ಟರ್ ಅಥವಾ ವಿಡಿಯೋ ಹಾಕಿ ಎಣ್ಣೆ ಬಾಟಲಿ ಮಾರುತ್ತಿದ್ದರೆ, ಅದು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯಡಿ ಬರುತ್ತದೆಯೇ ಎಂದು ವಕೀಲರೊಬ್ಬರಿಗೆ ತೋರಿಸಿ. ಆ ಕಾಯ್ದೆಯ ಪಟ್ಟಿಯಲ್ಲಿ ಈ ಎರಡೂ ಕಾಯಿಲೆಗಳಿವೆ. ಪೋಸ್ಟರಿನ ಫೋಟೋ, ವಾಟ್ಸಾಪ್ ಸಂದೇಶ, ಬಳೆ ಕೊಟ್ಟ ದಿನಾಂಕ ಈಗಲೇ ಒಂದೆಡೆ ಇಟ್ಟುಕೊಂಡಿರಿ. ಹೊರಗೆ ಹೇಳಿದರೆ ಇಡೀ ಕ್ರೈಸ್ತ ಸಮುದಾಯದ ಮೇಲೆ ಮಾತು ಬರುತ್ತದೆ ಎಂದು ನಿಮ್ಮ ಸಭೆಯ ಹಿರಿಯರೇ ನಿಮ್ಮನ್ನು ತಡೆಯಬಹುದು. ಇವತ್ತಿನ ಕಾಲದಲ್ಲಿ ಆ ಅಂಜಿಕೆ ಸುಳ್ಳಲ್ಲ. ಹಾಗೆಂದು ಒಬ್ಬ ವಿಧವೆಯ ಜೀವಕ್ಕಿಂತ ಸಮುದಾಯದ ಮಾನ ದೊಡ್ಡದು ಎಂದು ನಾನು ಒಪ್ಪಲಾರೆ. ವಿಡಿಯೋ ಮಾಡಿ ಊರಿಗೆಲ್ಲ ಹಂಚುವುದಕ್ಕೂ ಕಾನೂನು ಪ್ರಕಾರ ಬರೆದು ದೂರು ಕೊಡುವುದಕ್ಕೂ ಅಂತರವಿದೆ, ಎರಡನೆಯದನ್ನು ಮಾಡಿ.

ನನ್ನನ್ನು ಕೇಳಿದರೆ ಮೊದಲು ಹಿಡಿಯಬೇಕಾದ ದಾರಿ ನಿಮ್ಮ ಹಳೆಯ ಸಭೆಯ ಅಯ್ಯನವರದು (ಪಾಸ್ಟರರದು). ಅಮ್ಮನನ್ನು ಚರ್ಚಿಗೆ ಕರೆತನ್ನಿ ಎಂದು ಅವರು ಹೇಳಿದರೆ ಒಪ್ಪಬೇಡಿ; ನೀವೇ ಮನೆಗೆ ಬನ್ನಿ ಎನ್ನಿ. ಕಾಯಿಲೆಯವರು ಸಭೆಯ ಹಿರಿಯರನ್ನು ಕರೆಸಲಿ, ಅವರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಯಾಕೋಬನ ಪತ್ರದಲ್ಲೇ ಇದೆ, ಆ ಪ್ರಾರ್ಥನೆಗೆ ದರಪಟ್ಟಿ ಇಲ್ಲ. ಮಹಿಳಾ ಸಂಘದಲ್ಲಿ ಅಪ್ಪನನ್ನು ಬಲ್ಲವರು, ತಾವೂ ಗಂಡನನ್ನು ಕಳೆದುಕೊಂಡವರು ಒಬ್ಬಿಬ್ಬರಾದರೂ ಇರುತ್ತಾರೆ. ಅವರು ಬರಲಿ, ಆ ಪಾಸ್ಟರ ಸುದ್ದಿ ಎತ್ತದೆ ಕಾಫಿ ಕುಡಿದು ಅಪ್ಪನ ವಿಷಯ ಮಾತಾಡಲಿ, ಡಾಕ್ಟರ್ ಹತ್ತಿರ ಹೋಗುವ ದಿನ ಅವರಲ್ಲೊಬ್ಬರು ಅಮ್ಮನ ಜೊತೆ ಆಟೋ ಹತ್ತಲಿ. ಬಳೆಯ ಮಾತನ್ನು ಸದ್ಯಕ್ಕೆ ನೀವಾಗಿ ತೆಗೆಯಬೇಡಿ.